ರಾತ್ರಿಗೆ ಇಷ್ಟು

ದತ್ತಿಗಳಿಗೂ ಮುಪ್ಪು ಬರುತ್ತದೆ. ನಮ್ಮ ಕಾಲೇಜಿನ ಕಚೇರಿಯಲ್ಲಿ ರಟ್ಟಿನ ಹೊದಿಕೆಯ ದಪ್ಪ ರಿಜಿಸ್ಟರೊಂದಿದೆ. ಅದರ ತುಂಬ ತೀರಿಕೊಂಡವರ ಹೆಸರುಗಳು. ಯಾರೋ ಪುಣ್ಯಾತ್ಮರು ತಮ್ಮ ತಾಯಿಯ ನೆನಪಿಗಾಗಿ 500 ರೂಪಾಯಿಗಳ ಮೂಲಧನವನ್ನಿಟ್ಟು, ಅದರ ಬಡ್ಡಿಯಿಂದ ಕನ್ನಡದಲ್ಲಿ ಮೊದಲಿಗನಾಗಿ ಬಂದ ವಿದ್ಯಾರ್ಥಿಗೆ ವರ್ಷವರ್ಷವೂ ಬೆಳ್ಳಿಯ ಪದಕವೊಂದನ್ನು ಕೊಡತಕ್ಕದ್ದು ಎಂದು ಬರೆಸಿದ್ದಾರೆ. ಬರೆಸಿದ ಕಾಲಕ್ಕೆ ಅದು ನ್ಯಾಯವಾದ ಲೆಕ್ಕವೇ. ಈಗ ಆ ಬಡ್ಡಿಗೆ ಪದಕವಿರಲಿ, ಪದಕವನ್ನು ಪೋಣಿಸುವ ದಾರವೂ ಸಿಕ್ಕುವುದಿಲ್ಲ. ಆದರೂ ವಾರ್ಷಿಕೋತ್ಸವದ ದಿನ ಆ ತಾಯಿಯ ಹೆಸರನ್ನು ಓದುತ್ತೇವೆ, ವಿದ್ಯಾರ್ಥಿಯ ಕೈಗೆ ಕಾಗದವೊಂದನ್ನು ಕೊಡುತ್ತೇವೆ, ಸಭಿಕರು ಚಪ್ಪಾಳೆ ತಟ್ಟುತ್ತಾರೆ. ಬೆಳ್ಳಿ ಕರಗಿಹೋಗಿ ಹೆಸರು ಉಳಿದಿದೆ. ದತ್ತಿಯಿಟ್ಟವರ ಅಪೇಕ್ಷೆಯೂ ಬಹುಶಃ ಅಷ್ಟೇ ಇದ್ದಿರಬೇಕು.

ಆ ರಿಜಿಸ್ಟರಿನ ಕೊನೆಯ ನಮೂದಿನ ವಿಚಾರವಾಗಿ ನಾಲ್ಕು ಮಾತು ಬರೆಯಬೇಕೆಂದು ಕುಳಿತಿದ್ದೇನೆ. ಮೂರು ವರ್ಷದ ಹಿಂದೆ ಮಳವಳ್ಳಿ ತಾಲ್ಲೂಕಿನ ಹಲಗೂರಿನ ಕಡೆಯಿಂದ ನಿವೃತ್ತ ಉಪಾಧ್ಯಾಯರೊಬ್ಬರು ನಮ್ಮ ವಿಭಾಗಕ್ಕೆ ಬಂದರು. ಬಿಳಿಯ ಷರ್ಟು, ಕೈಯಲ್ಲಿ ಬಟ್ಟೆಯ ಚೀಲ. ಚೀಲದಲ್ಲಿ ಮೂರು ಲಕ್ಷ ರೂಪಾಯಿಯ ಬ್ಯಾಂಕಿನ ಡ್ರಾಫ್ಟಿತ್ತು. "ನಮ್ಮ ತಂದೆ ನೀಲಗಾರರಾಗಿದ್ದರು, ಸ್ವಾಮಿ. ಅವರ ಹಾಡನ್ನು ಕಲಿಯುವ ಮಗು ಯಾವುದಾದರೂ ನಿಮ್ಮಲ್ಲಿ ಇದ್ದರೆ ಇದರ ಬಡ್ಡಿಯನ್ನು ಅದಕ್ಕೆ ಕೊಡಿ" ಎಂದರು. ಬರೆದುಕೊಟ್ಟ ಷರತ್ತು ಎರಡೇ ಸಾಲು: ಕಲಿಯುವುದು ನೀಲಗಾರರ ಪದವಾಗಿರಬೇಕು, ಕಲಿಯುವವರ ಜಾತಿ ಕೇಳಬಾರದು. ನಮ್ಮ ಜಿಲ್ಲೆಯಲ್ಲಿ ಜಾತಿ ಕೇಳದೆ ಬಡ್ಡಿ ಹಂಚುವ ಷರತ್ತು ಅಪರೂಪದ್ದು ಎಂದು ನಮ್ಮ ಕಚೇರಿಯ ಮೇಲ್ವಿಚಾರಕರು ಆಗಲೇ ಗೊಣಗಿದರು.

ನೀಲಗಾರರೆಂದರೆ ಯಾರು ಎಂದು ಪಟ್ಟಣದ ವಾಚಕರು ಕೇಳಬಹುದು. ಮಂಟೇಸ್ವಾಮಿಯ ಒಕ್ಕಲಾಗಿ, ದೀಕ್ಷೆ ಪಡೆದು, ಆತನ ಕಥೆಯನ್ನು ಹಾಡುವವರು ನೀಲಗಾರರು. ಮನೆಯ ಒಬ್ಬ ಗಂಡುಮಗನನ್ನು ದೇವರಿಗೆ ಬಿಡುತ್ತೇವೆಂದು ಹರಕೆ ಹೊರುವುದು, ಆ ಮಗ ಗುರುಮನೆಗೆ ಹೋಗಿ ದೀಕ್ಷೆ ಪಡೆಯುವುದು, ಹೆಗಲಿಗೆ ಜೋಳಿಗೆ ಹಾಕಿಕೊಳ್ಳುವುದು, ಹಿರಿಯ ನೀಲಗಾರನ ಬೆನ್ನ ಹಿಂದೆ ಕುಳಿತು ವರ್ಷಗಟ್ಟಲೆ ದನಿಗೂಡಿಸುತ್ತ ಪದ ಕಲಿಯುವುದು, ಇದು ನಡೆದುಬಂದ ಪದ್ಧತಿ. ಮುಮ್ಮೇಳದವನ ಕೈಯಲ್ಲಿ ತಂಬೂರಿ ಮತ್ತು ಗಗ್ಗರ. ಹಿಮ್ಮೇಳದವರಿಗೆ ದಮ್ಮಡಿ, ತಾಳ. ನೀಲಗಾರರಲ್ಲಿ ಹಲವು ಜಾತಿಯವರಿದ್ದಾರೆ. ಆದರೆ ಈ ಕಥೆಯನ್ನು ತಲೆಮಾರಿನಿಂದ ತಲೆಮಾರಿಗೆ ಹೊತ್ತು ತಂದವರಲ್ಲಿ ದಲಿತರೇ ಹೆಚ್ಚು.

ಈ ಕಥೆಯ ಭೂಗೋಳ ನಮ್ಮ ಕಾಲಡಿಯಲ್ಲೇ ಇದೆ. ಮಂಟೇಸ್ವಾಮಿಯ ಗದ್ದುಗೆ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ. ಶಿಷ್ಯ ಸಿದ್ಧಪ್ಪಾಜಿಯದು ಕಾವೇರಿಯ ಆಚೆ ಚಿಕ್ಕಲ್ಲೂರಿನಲ್ಲಿ. ಅಲ್ಲಿ ಜನವರಿಯ ಹುಣ್ಣಿಮೆಗೆ ಜಾತ್ರೆ ಸೇರುತ್ತದೆ. ಇನ್ನೊಬ್ಬ ಶಿಷ್ಯ ರಾಚಪ್ಪಾಜಿಯದು ಮೈಸೂರು ಜಿಲ್ಲೆಯ ಕಪ್ಪಡಿಯಲ್ಲಿ. ಸಿದ್ಧಪ್ಪಾಜಿಯ ಹುಟ್ಟೂರು ಮದ್ದೂರು ತಾಲ್ಲೂಕಿನ ನಿಡಘಟ್ಟ. ಅಲ್ಲಿಯ ಪಾಂಚಾಳರ ಮನೆಯ ಮಗ ಆತ, ಮೊದಲ ಹೆಸರು ಕೆಂಪಾಚಾರಿ. ಇತ್ತೀಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ನಿಡಘಟ್ಟದ ಹೆಸರು ಬೇಕಾದಷ್ಟು ಬಂತು, ಕಾರಣ ಸಿದ್ಧಪ್ಪಾಜಿಯಲ್ಲ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯ ಕೆಲಸವನ್ನು ಎರಡು ತುಂಡು ಮಾಡಿದ್ದರು. ಬೆಂಗಳೂರಿನಿಂದ ನಿಡಘಟ್ಟಕ್ಕೆ ಒಂದು, ನಿಡಘಟ್ಟದಿಂದ ಮೈಸೂರಿಗೆ ಇನ್ನೊಂದು. 118 ಕಿಲೋಮೀಟರು ಉದ್ದದ ರಸ್ತೆಗೆ ನಡುಗಂಟು ಹಾಕಿದ ಊರು ಅದು. ಅದರ ಮೇಲೆ ಓಡುವ ಕಾರಿನವರಿಗೆ ಈಗ ಮದ್ದೂರು ವಡೆಯ ವಾಸನೆಯೂ ತಾಗುವುದಿಲ್ಲ, ಕೆಂಪಾಚಾರಿಯ ನೆನಪು ಎಲ್ಲಿ ತಾಗಬೇಕು!

ಇಡೀ ಕಥೆಯಲ್ಲಿ ನಮ್ಮ ಸೀಮೆಯವರಿಗೆ ಮೈ ಝುಮ್ಮೆನ್ನುವ ಭಾಗ ಹಲಗೂರಿನ ಸಾಲು. ಕಥೆಯ ಒಂದೊಂದು ಭಾಗವನ್ನೂ ನೀಲಗಾರರು ಸಾಲು ಎನ್ನುತ್ತಾರೆ. ಗುರುಮಠಕ್ಕೆ ಕಬ್ಬಿಣ ಬೇಕಾಗುತ್ತದೆ. ಹಲಗೂರಿನ ಪಾಂಚಾಳರಲ್ಲಿ ಹೋಗಿ ಕಬ್ಬಿಣದ ಭಿಕ್ಷೆ ಬೇಡಿ ತಾ ಎಂದು ಗುರು ಶಿಷ್ಯನನ್ನು ಕಳುಹಿಸುತ್ತಾನೆ. ಹಲಗೂರಿನವರು ಕಬ್ಬಿಣವೇ ಇಲ್ಲವೆಂದು ಸುಳ್ಳು ಹೇಳುತ್ತಾರೆ. ಆಮೇಲೆ ಒಂದಾದ ಮೇಲೊಂದು ಪರೀಕ್ಷೆಗೆ ಒಡ್ಡಿ ಆ ಹುಡುಗನನ್ನು ಗೋಳು ಹುಯ್ದುಕೊಳ್ಳುತ್ತಾರೆ. ತನ್ನ ಕುಲದವರ ಮನೆಬಾಗಿಲಲ್ಲೇ ಭಿಕ್ಷೆ ಬೇಡಿ ಅವಮಾನಪಡಬೇಕಾದ ಆ ಹುಡುಗನ ಸಂಕಟವನ್ನು ನಡುರಾತ್ರಿಯಲ್ಲಿ ಹಲಗೂರಿನ ಆಸುಪಾಸಿನ ಜನವೇ ಕುಳಿತು ಕೇಳಿ ಕಣ್ಣೊರೆಸಿಕೊಳ್ಳುವುದನ್ನು ನಾನು ನೋಡಿದ್ದೇನೆ. ತಮ್ಮೂರನ್ನೇ ಕಥೆಯಲ್ಲಿ ಕೆಟ್ಟದ್ದೆಂದು ಹಾಡಿಸಿ ಕೇಳುವ ಜನ ಬೇರೆ ಎಲ್ಲಿಯಾದರೂ ಇದ್ದಾರೋ ಇಲ್ಲವೋ.

ವಿದ್ವಾಂಸರು ಈ ಕಥೆಯನ್ನು ಕಡೆಗಣಿಸಿದರು ಎನ್ನುವಂತಿಲ್ಲ. ನಮ್ಮ ನಾಗಮಂಗಲ ತಾಲ್ಲೂಕಿನಲ್ಲೇ ಹುಟ್ಟಿದ ಜೀ.ಶಂ. ಪರಮಶಿವಯ್ಯನವರು ಹಳ್ಳಿ ಹಳ್ಳಿ ತಿರುಗಿ ದಕ್ಷಿಣ ಕರ್ನಾಟಕದ ಜನಪದ ಕಾವ್ಯಗಳನ್ನು ಅಭ್ಯಾಸ ಮಾಡಿದರು. ಅದೇ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದರು. ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿದ ಮಂಟೇಸ್ವಾಮಿ ಕಾವ್ಯವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ 1997ರಲ್ಲಿ ಪ್ರಕಟಿಸಿತು. ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟುಗಳಂತೂ ಒಂದು ಕಾಲಕ್ಕೆ ಈ ಕಡೆಯ ಬಸ್ಸು, ಹೋಟೆಲು, ಆಲೆಮನೆಗಳಲ್ಲೆಲ್ಲ ಕೇಳುತ್ತಿದ್ದುವು. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಮಳವಳ್ಳಿಯ ಗುಡಿಸಲುಗಳನ್ನು ದಾಟಿ ದೂರದ ಕೋಲಾರದ ಚಿನ್ನದ ಗಣಿಗೆ ಹೋಗಲಿಲ್ಲವೆ? ಹಾಡೂ ಹಾಗೆಯೇ ಗ್ರಂಥವಾಗಿ, ಕ್ಯಾಸೆಟ್ಟಾಗಿ ದೂರದೂರ ಹೋಯಿತು. ಹುಟ್ಟಿದ ಹಟ್ಟಿಯಲ್ಲಿ ಕಲಿಯುವವರು ಎಷ್ಟು ಮಂದಿ ಉಳಿದರು ಎನ್ನುವುದು ಬೇರೆಯೇ ಪ್ರಶ್ನೆ. ಮೇಷ್ಟರ ಮೂರು ಲಕ್ಷ ಆ ಪ್ರಶ್ನೆಗೆ.

ಅವರ ತಂದೆಯ ಹಾಡನ್ನು ಯಾರೂ ಧ್ವನಿಮುದ್ರಿಸಿಕೊಂಡಿಲ್ಲ. ಒಂದು ಭಾವಚಿತ್ರವಿದೆ, ಅದೂ ಮತದಾರರ ಗುರುತಿನ ಚೀಟಿಯದು. "ದನಿ ಹೇಗಿತ್ತು?" ಎಂದು ನಾನು ಕೇಳಿದಾಗ ಮೇಷ್ಟರು ಬಹಳ ಹೊತ್ತು ಯೋಚಿಸಿ, "ಹತ್ತಿರದಿಂದ ಕೇಳಿದರೆ ಒರಟು, ದೂರದಿಂದ ಕೇಳಿದರೆ ಸೊಗಸು" ಎಂದರು. ಹಾಡುಗಾರನ ದನಿಯನ್ನು ಇದಕ್ಕಿಂತ ಚೆನ್ನಾಗಿ ವರ್ಣಿಸಿದ ವಿಮರ್ಶೆಯನ್ನು ನಾನು ಓದಿಲ್ಲ.

ಈ ಮಾತನ್ನು ಅಮೆರಿಕದಲ್ಲಿ ಕೆಲಸದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಬರೆದಾಗ ಅವನು ಅಲ್ಲಿಯ ಒಂದು ಸಂಗತಿಯನ್ನು ತಿಳಿಸಿದ. ಅಲ್ಲಿ ಬ್ಲೂಗ್ರಾಸ್ ಎಂಬುದೊಂದು ಹಳ್ಳಿಗಾಡಿನ ಸಂಗೀತವುಂಟು. ಬ್ಯಾಂಜೊ, ಪಿಟೀಲು, ಮ್ಯಾಂಡೊಲಿನ್, ಗಿಟಾರುಗಳನ್ನಿಟ್ಟುಕೊಂಡು ಗುಡ್ಡಗಾಡಿನ ಜನ ಹಾಡುತ್ತಿದ್ದ ಹಾಡಿಗೆ ಹೊಸ ವೇಗವನ್ನೂ ಹೊಸ ಓಟವನ್ನೂ ಕೊಟ್ಟವನು ಕೆಂಟಕಿಯ ಬಿಲ್ ಮನ್ರೊ. ಆತ 1996ರಲ್ಲಿ ತೀರಿಕೊಂಡ. ಅವರ ವಿಶ್ವವಿದ್ಯಾಲಯಗಳು ಇದನ್ನು ಹಾಡುವವರ ಜಗಲಿಗೇ ಬಿಟ್ಟು ಸುಮ್ಮನಿರಲಿಲ್ಲ. ಪೂರ್ವ ಟೆನೆಸ್ಸಿ ವಿಶ್ವವಿದ್ಯಾಲಯದಲ್ಲಿ 1982ರಿಂದ ಬ್ಲೂಗ್ರಾಸನ್ನು ಪಾಠವಾಗಿ ಕಲಿಸುತ್ತಿದ್ದಾರೆ. ಕಲಿಯುವವರಿಗೆ ತೀರಿಕೊಂಡ ವಾದ್ಯಗಾರರ ಹೆಸರಿನ ವಿದ್ಯಾರ್ಥಿವೇತನಗಳಿವೆ.

ನನ್ನ ಮನಸ್ಸು ಹಿಡಿದದ್ದು ಇನ್ನೊಂದು ಹೆಸರು. ಮನ್ರೊ ಹುಡುಗನಾಗಿದ್ದಾಗ ಕುಣಿತದ ಕೂಟಗಳಲ್ಲಿ ಅವನನ್ನು ಜೊತೆಗೆ ಕೂರಿಸಿಕೊಂಡು ನುಡಿಸಿದ ಕರಿಯ ವಾದ್ಯಗಾರನೊಬ್ಬನಿದ್ದ, ಆರ್ನಾಲ್ಡ್ ಶುಲ್ಟ್ಸ್ ಎಂದು. ಗುಲಾಮಗಿರಿಯಲ್ಲಿ ಹುಟ್ಟಿದ ತಂದೆಯ ಮಗ. ಕಲ್ಲಿದ್ದಲ ಗಣಿಯಲ್ಲಿ ದುಡಿಯುತ್ತ ಗಿಟಾರನ್ನೂ ಪಿಟೀಲನ್ನೂ ನುಡಿಸುತ್ತಿದ್ದವನು. 1931ರಲ್ಲಿ ತೀರಿಕೊಂಡ. ಅವನ ವಾದನದ ಒಂದೇ ಒಂದು ಮುದ್ರಿಕೆಯೂ ಇಲ್ಲ. ಅವನಿಂದ ಕಲಿತವರು ಲೋಕಪ್ರಸಿದ್ಧರಾದರು. ಅವನ ಕುಲದವರು ಆ ಸಂಗೀತದ ಕೂಟಗಳಲ್ಲಿ ಕಾಣಿಸದಂತಾದರು. 2020ರಲ್ಲಿ ಬ್ಲೂಗ್ರಾಸ್ ಸಂಗೀತದವರ ಅಂತಾರಾಷ್ಟ್ರೀಯ ಸಂಘದ ಪ್ರತಿಷ್ಠಾನದವರು ಅವನ ಹೆಸರಿನಲ್ಲಿ ನಿಧಿಯೊಂದನ್ನು ತೆರೆದರು. ಬಿಳಿಯರಲ್ಲದವರು ಆ ಸಂಗೀತಕ್ಕೆ ಬರಲಿ ಎಂಬುದು ಅದರ ಉದ್ದೇಶ. ಸತ್ತ 89 ವರ್ಷಕ್ಕೆ ಬಂದ ದತ್ತಿ! ಓದಿ ಮೇಷ್ಟರಿಗೆ ಹೇಳಿದೆ. ಅವರು "ಅವರಿಗೆ ದನಿ ಸಿಕ್ಕಲಿಲ್ಲ, ನಮಗೂ ಇಲ್ಲ. ಆದರೆ ನಮ್ಮದು ಅಷ್ಟು ತಡವಾಗಿಲ್ಲ" ಎಂದರು.

ಇನ್ನು ಅರ್ಜಿ ನಮೂನೆಯ ವಿಚಾರ. ಹೊಸ ದತ್ತಿಗೆ ಹೊಸ ನಮೂನೆ ಬೇಕಲ್ಲ. ಕಚೇರಿಯವರು ಹಳೆಯದೊಂದರ ತಲೆಬರಹ ಬದಲಾಯಿಸಿ ಅಚ್ಚು ಹಾಕಿಸಿದರು. ಹಿಂದಿನ ಪರೀಕ್ಷೆಯ ಅಂಕಗಳು, ತಂದೆಯ ವಾರ್ಷಿಕ ವರಮಾನ, ಸಂಗೀತ ಪರೀಕ್ಷೆಯ ಪ್ರಮಾಣಪತ್ರ. ನೀಲಗಾರರ ಪದಕ್ಕೆ ಜೂನಿಯರ್, ಸೀನಿಯರ್ ಎಂಬ ಪರೀಕ್ಷೆಗಳು ಎಲ್ಲಿಂದ ಬರಬೇಕು? ಆರನೆಯ ಅಂಕಣ 'ಗುರುವಿನ ವಿದ್ಯಾರ್ಹತೆ'. ಹುಡುಗನೊಬ್ಬ ಅಲ್ಲಿ ಪ್ರಾಮಾಣಿಕವಾಗಿ 'ಹೆಬ್ಬೆಟ್ಟು' ಎಂದು ತುಂಬಿದ್ದ. ಆ ಅರ್ಜಿಯನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ವಿದ್ಯಾರ್ಥಿವೇತನ ಎಂಬ ಶಬ್ದವೇ ಒಂದು ಸೋಜಿಗ. ವೇತನವೆಂದರೆ ಕೂಲಿ, ಕಲಿಯುವವನಿಗೆ ಏತರ ಕೂಲಿ? ಹಿಂದಿನವರ ವಾರಾನ್ನದಲ್ಲಿ ಈ ತೊಡಕಿರಲಿಲ್ಲ: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಉಂಡು ಓದಿಕೊಂಡರಾಯಿತು. ಆದರೆ ವಾರಾನ್ನದ ಬಾಗಿಲು ಎಲ್ಲ ಹುಡುಗರಿಗೂ ತೆರೆದಿರಲಿಲ್ಲವೆಂಬುದನ್ನು ಅದನ್ನು ಹಾಡಿ ಹೊಗಳುವವರು ಮರೆಯುತ್ತಾರೆ. ಸರ್ಕಾರದ ವೇತನಗಳೂ ಈಗ ಇವೆ. ಕೇಂದ್ರದ ಸಂಸ್ಕೃತಿ ಸಚಿವಾಲಯದ ಯೋಜನೆಯೊಂದರಲ್ಲಿ 18ರಿಂದ 25 ವಯಸ್ಸಿನ ಕಲಾವಿದರಿಗೆ ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ ಕೊಡುತ್ತಾರೆ. ಜನಪದ ಹಾಡೂ ಅದರಲ್ಲಿ ಸೇರಿದೆ. ದೇಶಕ್ಕೆಲ್ಲ ಸೇರಿ 400 ವೇತನ. ಹಲಗೂರಿನ ಹಟ್ಟಿಗೆ ಆ ಸುದ್ದಿ ಮುಟ್ಟುವ ವೇಳೆಗೆ ಅರ್ಜಿಯ ಗಡುವು ಮುಗಿದಿರುತ್ತದೆ.

ಮೊದಲ ವರ್ಷ ನಮಗೆ ಹನ್ನೊಂದು ಅರ್ಜಿ ಬಂದುವು. ಕಾಲೇಜಿನ ಸಭಾಂಗಣದಲ್ಲಿ ಹಾಡಿಸಿದೆವು. ಹತ್ತು ಮಂದಿ ಮೊಬೈಲಿನಲ್ಲಿ ನೋಡಿ ಕಲಿತ ಪದಗಳನ್ನು ಹಾಡಿದರು. ಒಬ್ಬೊಬ್ಬರದೂ ಮೂರು ನಿಮಿಷ, ನಾಲ್ಕು ನಿಮಿಷ. ಚೆನ್ನಾಗಿಯೇ ಹಾಡಿದರು. ಮೂರು ನಿಮಿಷದ ಹಾಡನ್ನು ಹಳಿಯುವ ಮಡಿವಂತಿಕೆ ನನಗಿಲ್ಲ. ಹಿಂದೆ ಗ್ರಾಮಫೋನಿನ ತಟ್ಟೆಯ ಒಂದು ಮಗ್ಗುಲು ಎಷ್ಟು ಹೊತ್ತು ತಿರುಗುತ್ತಿತ್ತೋ ಅಷ್ಟಕ್ಕೆ ದೊಡ್ಡ ದೊಡ್ಡ ವಿದ್ವಾಂಸರೇ ರಾಗವನ್ನು ಕತ್ತರಿಸಿ ಕೂರಿಸಿದ್ದುಂಟು. ಆದರೆ ನೀಲಗಾರರ ಪದ ಮೂರು ನಿಮಿಷದ್ದಲ್ಲ, ರಾತ್ರಿಯದ್ದು. ಹನ್ನೊಂದನೆಯವಳು ನಮ್ಮ ಎರಡನೆಯ ಬಿ.ಎ. ತರಗತಿಯ ಹುಡುಗಿ. ಅವಳ ತಾತ ನೀಲಗಾರ. ಅವಳು ಹಾಡಲು ಶುರುಮಾಡಿ ಹತ್ತು ನಿಮಿಷವಾದರೂ ನಿಲ್ಲಿಸಲಿಲ್ಲ. ಐದು ಗಂಟೆಗೆ ಸಭಾಂಗಣದ ಬೀಗ ಹಾಕುವವನು ಬಂದು ಬಾಗಿಲಲ್ಲಿ ನಿಂತ. "ಇನ್ನೂ ಇದೆಯೇನಮ್ಮ?" ಎಂದೆ. "ಸಿದ್ಧಯ್ಯ ಇನ್ನೂ ಹಲಗೂರಿಗೇ ಹೋಗಿಲ್ಲ ಸಾರ್" ಎಂದಳು.

ಹೀಗಾಗಿ ಪರೀಕ್ಷೆಯ ಉಳಿದ ಭಾಗವನ್ನು ಮೇಷ್ಟರ ಊರಿನಲ್ಲೇ ಇಟ್ಟುಕೊಂಡೆವು. ಶನಿವಾರದ ರಾತ್ರಿ, ಅವರ ಮನೆಯ ಮುಂದಿನ ಅಂಗಳ. ಸಮಿತಿಯ ನಾವು ಮೂವರು ಕುರ್ಚಿಯ ಮೇಲೆ. ಊರಿನವರು ಚಾಪೆ, ಕಂಬಳಿ, ಗೋಣಿತಾಟುಗಳ ಮೇಲೆ. ಹಿಮ್ಮೇಳಕ್ಕೆ ಊರಿನ ಇಬ್ಬರು ಬಂದಿದ್ದರು. ಹುಡುಗಿ ನಲವತ್ತು ನಿಮಿಷ ಹಾಡಿದಳು. ಆಮೇಲೆ ಒಂದೆಡೆ ಪದ ಮರೆತುಹೋಯಿತು. ತಂಬೂರಿ ಮಾತ್ರ ಮಿಡಿಯುತ್ತಿದೆ, ಬಾಯಿ ಬರುತ್ತಿಲ್ಲ. ನಾನು ಪರೀಕ್ಷಕನ ಅಭ್ಯಾಸಬಲದಿಂದ ಅಂಕ ಕಳೆಯಲು ಪೆನ್ನು ತೆಗೆಯುವಷ್ಟರಲ್ಲಿ, ಗೋಡೆಗೊರಗಿ ಕಡ್ಡಿಪುಡಿ ಹಾಕಿಕೊಳ್ಳುತ್ತಿದ್ದ ಮುದುಕಿಯೊಬ್ಬಳು ಮುಂದಿನ ನುಡಿಯನ್ನು ಹೇಳಿದಳು. ಹಾಡಿ ಹೇಳಲಿಲ್ಲ, ಮಗುವಿಗೆ ದಾರಿ ತೋರಿಸುವ ಹಾಗೆ ಸುಮ್ಮನೆ ಹೇಳಿದಳು. ಹುಡುಗಿ ಎತ್ತಿಕೊಂಡಳು. ಮತ್ತೆ ಮರೆತಳು, ಈ ಬಾರಿ ಹೇಳಿದವನು ಬೀಡಿ ಸೇದುತ್ತಿದ್ದ ಮಧ್ಯವಯಸ್ಕ. ಹೀಗೆ ಅರ್ಧ ಸಾಲನ್ನು ಅವಳೂ ಅರ್ಧವನ್ನು ಅಂಗಳವೂ ಸೇರಿ ಮುಗಿಸಿದರು. ಯಾರಿಗೆಂದು ಅಂಕ ಕೊಡುವುದು? ಪದವನ್ನು ಹಾಡುವವನ ಗಂಟಲಲ್ಲಿ ಮಾತ್ರ ಇದೆಯೆಂದು ತಿಳಿದು ಗ್ರಂಥಗಳನ್ನು ಅಚ್ಚುಹಾಕಿದ್ದೇವೆ. ಅದರ ಮುಕ್ಕಾಲು ಪಾಲು ಕೇಳುವವರಲ್ಲಿದೆ. ಕೇಳುವವರಿಲ್ಲದ ಸಭಾಂಗಣದಲ್ಲಿ ಅವಳು ಕಲಿಯಲಾರಳು ಎಂಬುದು ಆ ರಾತ್ರಿ ನನಗೆ ಖಚಿತವಾಯಿತು.

ವೇತನವನ್ನು ಅವಳಿಗೇ ಕೊಡಬೇಕೆಂದು ತೀರ್ಮಾನವಾಯಿತು. ಬೇಡವೆಂದವನು ಅವಳ ತಂದೆ. ಆತ ಗಾರೆ ಕೆಲಸದವನು. ಬೆಳಗಿನ ಬಸ್ಸಿಗೆ ಮಂಡ್ಯಕ್ಕೆ ಹೋಗಿ ಸಂಜೆಯ ಬಸ್ಸಿಗೆ ಬರುವವನು. ತುಂಬ ಮಾತಿನವನಲ್ಲ. "ದುಡ್ಡು ಬ್ಯಾಡ ಅನ್ನಕಿಲ್ಲ ಸಾ. ಓದೋ ಮಗ, ಬೇಕಾಯ್ತದೆ. ಆದ್ರೆ ನಮ್ಮಪ್ಪ ಜೋಳ್ಗೆ ಇಡ್ಕಂಡು ನಿಂತ್ಕತಿದ್ದ ಜಗಲಿಗಳ ಮುಂದೆ ನನ್ ಮಗ್ಳು ನಿಂತ್ಕಬಾರ್ದು" ಎಂದ. ಅವನ ತಂದೆ ಹಾಡಿದ ಮೇಲೆ ರಾಗಿಯನ್ನು ಮೇಲಿನಿಂದ ಜೋಳಿಗೆಗೆ ಸುರಿಯುತ್ತಿದ್ದರಂತೆ, ಮೊರ ತಾಗದ ಹಾಗೆ. ಹಾಡನ್ನು ಒಳಗಿನವರೆಲ್ಲ ಕೇಳುತ್ತಿದ್ದರಂತೆ. ಇಷ್ಟು ಹೇಳಿ ಸುಮ್ಮನಾದ.

ಇಂಥ ಮಾತಿಗೆ ನಮ್ಮಂಥ ಅಧ್ಯಾಪಕರಲ್ಲಿ ಒಂದು ಸಿದ್ಧ ಉತ್ತರವುಂಟು: ಜೋಳಿಗೆಯಲ್ಲೂ ದರ್ಶನವಿದೆ, ಭಿಕ್ಷೆ ಅಹಂಕಾರವನ್ನು ಕಳೆಯುತ್ತದೆ, ಇತ್ಯಾದಿ. ಎಂದೂ ಬೇಡದವನು ಈ ಮಾತನ್ನು ಆಡುವುದು ಸುಲಭ. ನಾನು ಆಡಲಿಲ್ಲ, ಸಮಿತಿಯ ಇನ್ನೊಬ್ಬರು ಆಡಲು ಬಾಯಿ ತೆರೆದಾಗ ಕಾಫಿ ಬಂತು, ಉಳಿದುಕೊಂಡೆವು. ದತ್ತಿಯ ಷರತ್ತಿಗೆ ಮೂರನೆಯ ಸಾಲೊಂದನ್ನು ಸೇರಿಸಬಹುದೆ ಎಂದು ಮೇಷ್ಟರನ್ನು ಕೇಳಿದೆವು: ವಿದ್ಯಾರ್ಥಿಯನ್ನು ಯಾರ ಮನೆಬಾಗಿಲಿಗೂ ಹಾಡಲು ಕಳುಹಿಸತಕ್ಕದ್ದಲ್ಲ. ಅವರು ಕಾಗದವನ್ನು ಓದಿ ಮಡಿಸಿ, ಮತ್ತೆ ಬಿಡಿಸಿ ಓದಿ, "ಸಹಿ ಎಲ್ಲಿ ಹಾಕಬೇಕು?" ಎಂದಷ್ಟೇ ಕೇಳಿದರು.

ಕಲಿಸಲು ಒಪ್ಪಿಕೊಂಡವರು ಪಕ್ಕದ ಊರಿನ ಹಿರಿಯ ನೀಲಗಾರರು. ಎಂಬತ್ತರ ಹತ್ತಿರ ವಯಸ್ಸು. ಹೆಣ್ಣುಮಗಳಿಗೆ ಕಲಿಸಬಹುದೆ ಎಂದು ನಮ್ಮಲ್ಲೊಬ್ಬರು ಅನುಮಾನಿಸಿದಾಗ, "ಗಗ್ಗರಕ್ಕೆ ಗಂಡು ಹೆಣ್ಣು ಗೊತ್ತಾದದಾ ಮೇಷ್ಟ್ರೆ?" ಎಂದು ಆ ಮಾತನ್ನು ಮುಗಿಸಿಬಿಟ್ಟರು. ಅವರ ತಕರಾರು ಬೇರೆಯೇ ಇತ್ತು. ಮೂರನೆಯ ಷರತ್ತನ್ನು ಓದಿ ಹೇಳಿದಾಗ ಅವರ ಮುಖ ಬಾಡಿತು. ಅವರು ಇಂದಿಗೂ ಜೋಳಿಗೆ ಹೊರುವವರು. "ಮನೆಗಳ ಹತ್ರ ಹೋಗ್ದೆ ಇವ್ಳು ಮನೆಗಳ್ನ ಯೆಂಗ್ ಕಲೀತಾಳೆ?" ಎಂದರು. ಮೊದಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ವಿವರಿಸಿದರು. ಯಾವ ಮನೆಯಲ್ಲಿ ಯಾರು ತೀರಿಕೊಂಡರು, ಯಾವ ಮನೆಯ ಸೊಸೆಗೆ ಮಗುವಿಲ್ಲ, ಯಾವ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಇವನ್ನೆಲ್ಲ ತಿಳಿದವನು ಮಾತ್ರ ಎಲ್ಲಿ ಕಥೆಯನ್ನು ಹಿಗ್ಗಿಸಬೇಕು, ಎಲ್ಲಿ ಒಂದು ಮಾತಿನಲ್ಲಿ ದಾಟಿಬಿಡಬೇಕು ಎಂಬುದನ್ನು ಬಲ್ಲ. ಜಗಲಿಯ ಮುಂದೆ ನಿಂತದ್ದರಿಂದ ಬಂದ ಬುದ್ಧಿ ಅದು.

ಇದು ನಿಜವಾದ ನಷ್ಟ. ಮುಚ್ಚುಮರೆಯಿಲ್ಲದೆ ಹೇಳಬೇಕಾದರೆ, ಆ ಮೂರನೆಯ ಸಾಲಿನಿಂದ ಪದದ ಒಂದು ಅಂಗವೇ ಹೋಗುತ್ತದೆ. ಆದರೂ ನನ್ನ ಮತ ಗಾರೆಕೆಲಸದವನ ಪಕ್ಷಕ್ಕೆ. ಮೊರ ತಾಗದ ಹಾಗೆ ಸುರಿದ ರಾಗಿಯಿಂದ ಬದುಕಿದ ವಿದ್ಯೆ, ಆ ರಾಗಿ ನಿಂತರೆ ಕೊಂಚ ಬಡಕಲಾಗುವುದಾದರೆ ಆಗಲಿ. ಮುದುಕರಿಗೆ ನಾನು ಇದನ್ನು ಇಷ್ಟು ನಿಷ್ಠುರವಾಗಿ ಹೇಳಲಿಲ್ಲ. ದಾರಿ ಹುಡುಕಿದವರು ಮೇಷ್ಟರೇ: ಹುಡುಗಿ ಮನೆಗಳಿಗೆ ಹೋಗುವುದು ಬೇಡ, ಮನೆಗಳೇ ಹಾಡಿನ ಬಳಿಗೆ ಬರಲಿ, ಬಂದವರಿಗೆ ಊಟ ಹಾಕೋಣ. ಉಣ್ಣುತ್ತ ಕುಳಿತವರು ತಮ್ಮ ಮನೆಯ ಸುದ್ದಿಯನ್ನು ತಾವೇ ಹೇಳುತ್ತಾರೆ.

ಇಲ್ಲಿಂದ ಮುಂದೆ ಲೆಕ್ಕದ ಗೋಜಲು. ತಿಂಗಳಿಗೆ ಇಷ್ಟು ಎಂದು ಹುಡುಗಿಯ ಖಾತೆಗೆ ಹಾಕಿದರೆ ಕಾಲೇಜಿಗೆ ಸುಲಭ. ವಾರಕ್ಕೊಂದು ಗಂಟೆ ಪಾಠವೆಂದು ವೇಳಾಪಟ್ಟಿಯಲ್ಲಿ ಬರೆಯೋಣ ಎಂದರೆ ಮುದುಕರು ತಲೆಯಾಡಿಸಿದರು. "ಸಿದ್ಧಯ್ಯನ್ನ ಹಲಗೂರಲ್ಲಿ ಬುಟ್ಟು ಎದ್ದೋಗಬಾರ್ದು. ಕಬ್ಬಣ ಕೊಡ್ಸಿ ಕಳುಸ್ಬೇಕು." ಶುರುಮಾಡಿದ ಸಾಲನ್ನು ಮುಗಿಸಿಯೇ ಏಳಬೇಕು, ಮುಗಿಯುವುದು ಕೋಳಿ ಕೂಗುವ ಹೊತ್ತಿಗೆ. ಆದ್ದರಿಂದ ಸಮಿತಿಯಲ್ಲಿ ನಾನೊಂದು ಸೂಚನೆ ಮಾಡಿದೆ. ವೇತನವನ್ನು ತಿಂಗಳಿಗೆ ಇಷ್ಟು ಎಂದು ಬೇಡ, ರಾತ್ರಿಗೆ ಇಷ್ಟು ಎಂದು ಕೊಡೋಣ. ನೂರಕ್ಕೆ ಏಳರ ಬಡ್ಡಿಯಲ್ಲಿ ವರ್ಷಕ್ಕೆ 21,000 ರೂಪಾಯಿ. ಆರು ರಾತ್ರಿ ಮಾಡಿದರೆ ರಾತ್ರಿಗೆ 3,500. ಗುರುಗಳಿಗೆ 1,200, ಹುಡುಗಿಗೆ 1,000, ಹಿಮ್ಮೇಳದ ಇಬ್ಬರಿಗೆ ತಲಾ 400, ಮಿಕ್ಕ 500 ಊಟದ ಖರ್ಚಿಗೆ; ಸಾಲದ್ದನ್ನು ಮೇಷ್ಟರು ಮನೆಯ ಕಣಜದಿಂದ ತುಂಬುತ್ತಾರೆ.

ಸಮಿತಿಯ ಸದಸ್ಯರೊಬ್ಬರು ಒಪ್ಪಲಿಲ್ಲ. ಅವರ ವಾದದಲ್ಲೂ ತೂಕವಿತ್ತು. ವಿದ್ಯಾರ್ಥಿವೇತನ ವಿದ್ಯಾರ್ಥಿಯದು, ಬಡ ಹುಡುಗಿಯ ಪಾಲಿನ 21,000ವನ್ನು 6,000ಕ್ಕೆ ಇಳಿಸಿ ಮಿಕ್ಕದ್ದನ್ನು ಊರಿಗೆ ಹಂಚುವುದು ಯಾವ ನ್ಯಾಯ ಎಂದು ಕೇಳಿದರು. ನಾನು ಅವರಿಗೆ ವಲಯ ಸಾಂಸ್ಕೃತಿಕ ಕೇಂದ್ರಗಳ ಗುರು-ಶಿಷ್ಯ ಪರಂಪರೆಯ ಯೋಜನೆಯನ್ನು ತೋರಿಸಿದೆ. ಅದರಲ್ಲಿ ತಿಂಗಳಿಗೆ ಗುರುವಿಗೆ 7,500, ಪಕ್ಕವಾದ್ಯದವನಿಗೆ 3,750, ಶಿಷ್ಯನಿಗೆ 1,500 ಎಂದಿದೆ. ಹಣ ಹೆಚ್ಚೋ ಕಡಮೆಯೋ, ಕಲಿಯುವುದೆಂದರೆ ಒಬ್ಬನೇ ಮಾಡುವ ಕೆಲಸವಲ್ಲ ಎಂಬುದನ್ನು ಆ ಲೆಕ್ಕ ಬರೆದವರು ಅರಿತಿದ್ದಾರೆ. ಸದಸ್ಯರು ಕೊನೆಗೆ ಹುಡುಗಿಯನ್ನೇ ಕೇಳೋಣ ಎಂದರು. ಕೇಳಿದೆವು. ಅವಳು, "ನನಗೆ ಬೇರೆ ಸ್ಕಾಲರ್‌ಷಿಪ್ ಬರುತ್ತದೆ ಸಾರ್, ತಾತನಿಗೆ ಯಾವುದೂ ಬರುವುದಿಲ್ಲ" ಎಂದಳು. ತಾತನೆಂದರೆ ಅವಳ ಗುರುಗಳು. ಕಲಿಯಲು ಶುರುಮಾಡುವ ಮೊದಲೇ ಹಾಗೆ ಕರೆಯತೊಡಗಿದ್ದಳು.

ಲೆಕ್ಕ ತಪಾಸಣೆಯವರಿಗೆ ಇದು ಹಿಡಿಸಲಿಲ್ಲ. ಖರ್ಚಿನ ತಲೆಬರಹಗಳಲ್ಲಿ ರಾತ್ರಿ ಎಂಬ ಬಾಬು ಇಲ್ಲವಂತೆ. ದಿನಭತ್ಯ ಇದೆ, ಪ್ರಯಾಣಭತ್ಯ ಇದೆ. ರಾತ್ರಿಗೆ ಏನೂ ಇಲ್ಲ. ಪತ್ರವ್ಯವಹಾರ ನಾಲ್ಕು ತಿಂಗಳು ನಡೆಯಿತು. ಕಡೆಗೆ ನಮ್ಮ ಮೇಲ್ವಿಚಾರಕರೇ, ಮೊದಲ ದಿನ ಗೊಣಗಿದವರೇ, ಒಂದು ಉಪಾಯ ಹೂಡಿದರು. ವಿಜ್ಞಾನದವರಿಗೆ ಪ್ರಾಯೋಗಿಕ ತರಗತಿಗಳಿಲ್ಲವೆ? ಇದೂ ಪ್ರಾಯೋಗಿಕ ತರಗತಿ. ಒಂದು ರಾತ್ರಿಗೆ ಒಂದು ಘಟಕ. ಊಟದ ಖರ್ಚು 'ಪ್ರಯೋಗ ಸಾಮಗ್ರಿ'. ಹೀಗೆಂದು ಬರೆದ ಕಡತ ಒಂದೇ ದಿನದಲ್ಲಿ ಪಾಸಾಗಿ ಬಂತು. ಮುದ್ದೆ, ಅವರೆಕಾಳಿನ ಸಾರು, ಅನ್ನ ಮಜ್ಜಿಗೆಗಳು ಗಂಧಕಾಮ್ಲ, ಸ್ಪಿರಿಟ್ ದೀಪಗಳ ಸಾಲಿನಲ್ಲಿ ಸೇರಿಕೊಂಡುವು.

ಹುಡುಗಿ ಈಗ ಬಿ.ಎ. ಮುಗಿಸಿ ಬಿ.ಇಡಿ. ಓದುತ್ತಿದ್ದಾಳೆ. ಕಳೆದ ವರ್ಷದ ಆರು ರಾತ್ರಿಗಳಲ್ಲಿ ನಾಲ್ಕು ನಡೆದುವು. ಒಂದಕ್ಕೆ ಮಳೆ ಬಂತು, ಇನ್ನೊಂದಕ್ಕೆ ಊರಿನಲ್ಲಿ ಸಾವಾಯಿತು. ಸಾವಾದ ಮನೆಯವರೇ ತಿಥಿಯ ರಾತ್ರಿ ಅವಳನ್ನು ಕರೆದರು. ಬಾಗಿಲಿಗೆ ಹೋಗಬಾರದೆಂದು ಷರತ್ತಿದೆ, ಕರೆದರೆ ಏನು ಮಾಡಬೇಕೆಂದು ಅದರಲ್ಲಿಲ್ಲ. ಅವಳ ತಂದೆ ಯೋಚಿಸಿ, ಕರೆದವರ ಮನೆಯ ಒಳಗೆ, ಚಾಪೆ ಹಾಸಿ ಕೂರಿಸಿದರೆ ಹಾಡಲಿ ಎಂದ. ಹಾಸಿದರು. ಮುದುಕರು ಹಿಂದೆ ಕುಳಿತು ಹಿಮ್ಮೇಳ ಹೇಳಿದರು; ಮುಂದೆ ಕುಳಿತೇ ಅಭ್ಯಾಸವಾದ ಗಂಟಲು, ಆಗಾಗ ಅವಳನ್ನು ಮೀರಿ ಹೋಗುತ್ತಿತ್ತಂತೆ. ಕಲ್ಯಾಣದ ಸಾಲು ಅವಳಿಗೆ ಇನ್ನೂ ಪೂರ್ತಿ ಬಂದಿಲ್ಲ. ಹಲಗೂರಿನದು ಬರುತ್ತದೆ. ಒರಟಾಗಿದೆ, ದೂರ ಕುಳಿತು ಕೇಳುವುದನ್ನು ನಾನೂ ಕಲಿತಿದ್ದೇನೆ.

ಈ ವರ್ಷ ಎರಡು ಹೊಸ ಅರ್ಜಿಗಳು ಬಂದಿವೆ. ಅವುಗಳಲ್ಲೊಂದು ನಿಡಘಟ್ಟದ ಕಡೆಯ ಹುಡುಗನದು. ಮನೆಯ ಕಸುಬು ಎಂಬ ಅಂಕಣದಲ್ಲಿ 'ಕಬ್ಬಿಣದ ಕೆಲಸ' ಎಂದು ಬರೆದಿದ್ದಾನೆ. ಅವನ ತಂದೆ ಮದ್ದೂರಿನಲ್ಲಿ ಕಬ್ಬಿನ ಟ್ರೈಲರುಗಳಿಗೆ ವೆಲ್ಡಿಂಗ್ ಮಾಡುತ್ತಾನೆ. ಹುಡುಗ ಕಚೇರಿಗೆ ಬಂದವನು ಬಹಳ ಹೊತ್ತು ನಿಂತುಕೊಂಡೇ ಇದ್ದು, ತಾನು ಪಾಂಚಾಳರವನು, ಹಲಗೂರಿನ ಸಾಲನ್ನು ಕಲಿಯಬಹುದೆ, ಅದರಲ್ಲಿ ನಮ್ಮವರದೇ ತಪ್ಪಲ್ಲವೆ ಎಂದು ಕೇಳಿದ. ನಾನು ಉತ್ತರ ಹೇಳದೆ ಅವನನ್ನು ಮುದುಕರ ಬಳಿಗೆ ಕಳುಹಿಸಿದೆ. "ಸಿದ್ಧಯ್ಯನೂ ನಿಮ್ಮವನೇ ಕನ ಮಗ" ಎಂದು ಹೇಳಿ, ತಂಬೂರಿಯ ತಂತಿಯೊಂದು ಹೋಗಿದೆ, ಮದ್ದೂರಿನಲ್ಲಿ ಸಿಕ್ಕಿದರೆ ಬರುವಾಗ ತಂದುಬಿಡು ಎಂದರಂತೆ.